ಹೆಸರುಪಟ್ಟಿಯ ಕಾವಲು
(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವೇದಿಕೆಯ ಮೇಲೆ ಕಾವ್ಯ, ನಾಟಕ, ಶಾಸನ, ಇತಿಹಾಸಗಳ ಮಾತು ಬರುವುದು ವಾಡಿಕೆ. ನಾನು ಇಂದು ಆರಿಸಿಕೊಂಡಿರುವ ವಿಷಯ ಆ ಸಾಲಿಗೆ ಸೇರತಕ್ಕದ್ದಲ್ಲ. ವ್ಯಾಪಾರ ಸಂಸ್ಥೆಗಳ ಕಂಪ್ಯೂಟರು ಜಾಲದಲ್ಲಿ ‘ಡೈರೆಕ್ಟರಿ ಸರ್ವರು’ ಎಂಬ ಯಂತ್ರಗಳನ್ನು ಎಷ್ಟು ಇಡಬೇಕು, ಎಲ್ಲಿ ಇಡಬೇಕು, ಹೇಗೆ ಕಾಯಬೇಕು ಎಂಬುದೇ ಆ ವಿಷಯ.

ಇಂಥ ವಿಷಯಕ್ಕೂ ಕನ್ನಡ ಸಂಘಕ್ಕೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಉಂಟು. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿಯೂ ನಲವತ್ತು ಕಿಲೋಮೀಟರು ಆಚೆಯ ಬೆಂಗಳೂರಿನಲ್ಲಿಯೂ ದುಡಿಯುತ್ತಿರುವವರಲ್ಲಿ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿದ ನಮ್ಮ ಮನೆಗಳ ಮಕ್ಕಳಿದ್ದಾರೆ. ಅವರಲ್ಲಿ ಕೆಲವರು ಕಂಪ್ಯೂಟರುಗಳ ಮೇಲ್ವಿಚಾರಣೆಯನ್ನೇ ವೃತ್ತಿಯಾಗಿ ಹಿಡಿದಿದ್ದಾರೆ. ಮಗನೋ ಮಗಳೋ ರಾತ್ರಿ ಹನ್ನೆರಡಕ್ಕೆ ಫೋನು ಬಂದೊಡನೆ ಎದ್ದು ಕಾರ್ಖಾನೆಗೆ ಓಡುವುದನ್ನು ಕಂಡ ತಾಯಿತಂದೆಗಳಿಗೆ, ಆ ಕೆಲಸವೇನು, ಅದರ ಹೊಣೆ ಎಷ್ಟು ಭಾರವಾದುದು ಎಂಬುದು ತಮ್ಮ ನುಡಿಯಲ್ಲಿಯೇ ತಿಳಿಯಬೇಕು. ಶಾಸ್ತ್ರದ ಮಾತು ಇಂಗ್ಲಿಷಿನಲ್ಲಿ, ಹಬ್ಬದ ಮಾತು ಕನ್ನಡದಲ್ಲಿ ಎಂದು ಪಾಲು ಮಾಡಿಕೊಂಡರೆ ನುಡಿ ಬೆಳೆಯುವುದಿಲ್ಲ. ಈ ನಂಬಿಕೆಯಿಂದಲೇ ಈ ವಿಷಯವನ್ನು ನಿಮ್ಮ ಮುಂದಿಡುವ ಧೈರ್ಯವನ್ನು ಮಾಡಿದ್ದೇನೆ.

ಡೈರೆಕ್ಟರಿ ಎಂದರೇನು? ಶಾಲೆಯಲ್ಲಿ ಮಕ್ಕಳ ದಾಖಲಾತಿ ಪುಸ್ತಕವಿರುತ್ತದೆ. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಸೇರಿದ ತರಗತಿ ಎಲ್ಲವೂ ಅದರಲ್ಲಿ ಬರೆದಿರುತ್ತದೆ. ಆ ಪುಸ್ತಕದಲ್ಲಿ ಹೆಸರಿದ್ದರೆ ಮಗು ಆ ಶಾಲೆಯ ಮಗು, ಇಲ್ಲವಾದರೆ ಅಲ್ಲ. ಕಂಪ್ಯೂಟರು ಜಾಲದ ಡೈರೆಕ್ಟರಿಯೂ ಅಂಥದೇ ಒಂದು ಪುಸ್ತಕ. ಸಂಸ್ಥೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಹೆಸರು, ಅವರ ಗುಪ್ತಪದ, ಅವರು ಯಾವ ವಿಭಾಗದವರು, ಯಾವ ಕಡತವನ್ನು ತೆರೆಯಬಹುದು, ಯಾವುದನ್ನು ಮುಟ್ಟಕೂಡದು ಎಂಬುದೆಲ್ಲ ಅದರಲ್ಲಿರುತ್ತದೆ. ಮನುಷ್ಯರ ಹೆಸರಷ್ಟೇ ಅಲ್ಲ, ಕಂಪ್ಯೂಟರುಗಳ ಮತ್ತು ಮುದ್ರಣ ಯಂತ್ರಗಳ ಹೆಸರುಗಳೂ ಇರುತ್ತವೆ. ಈ ಪುಸ್ತಕವನ್ನು ಇಟ್ಟುಕೊಂಡು, ಕೇಳಿದವರಿಗೆ ಕ್ಷಣಾರ್ಧದಲ್ಲಿ ಉತ್ತರ ಕೊಡುವ ಯಂತ್ರವೇ ಡೈರೆಕ್ಟರಿ ಸರ್ವರು. ಬೆಳಿಗ್ಗೆ ಗುಮಾಸ್ತೆಯೊಬ್ಬಳು ತನ್ನ ಮೇಜಿನ ಮುಂದೆ ಕುಳಿತು ಹೆಸರನ್ನೂ ಪಾಸ್‌ವರ್ಡನ್ನೂ ಒತ್ತಿದಾಗ, ಅವಳ ಎದುರಿಗಿರುವ ಯಂತ್ರವು ಈ ಸರ್ವರನ್ನು ಕೇಳುತ್ತದೆ: ಈಕೆ ನಮ್ಮವಳೇ? ಹೌದೆಂಬ ಉತ್ತರ ಬಂದ ಮೇಲೆಯೇ ಅವಳ ದಿನದ ಕೆಲಸ ಮೊದಲಾಗುವುದು.

ಈ ಪುಸ್ತಕಕ್ಕೂ ಒಂದು ಚರಿತ್ರೆಯಿದೆ. 1970ರ ದಶಕದಲ್ಲಿ ಅಮೆರಿಕದ ಆರ್ಪಾನೆಟ್ ಎಂಬ ಜಾಲದಲ್ಲಿ ಯಂತ್ರಗಳ ಸಂಖ್ಯೆ ಕೆಲವು ನೂರುಗಳನ್ನು ಮೀರಿರಲಿಲ್ಲ. ಅವುಗಳ ಹೆಸರುಗಳನ್ನೆಲ್ಲ ಒಂದೇ ಒಂದು ಪಟ್ಟಿಯಲ್ಲಿ ಬರೆದು, ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ನೇತೃತ್ವದ ತಂಡವು ಕಾಪಾಡುತ್ತಿತ್ತು. ಹೊಸ ಯಂತ್ರ ಸೇರಿದರೆ ಅವರಿಗೆ ತಿಳಿಸಬೇಕು. ಅವರು ಪಟ್ಟಿಯಲ್ಲಿ ಸೇರಿಸಬೇಕು. ಉಳಿದವರು ಹೊಸ ಪಟ್ಟಿಯನ್ನು ತರಿಸಿಕೊಳ್ಳಬೇಕು. ಜಾಲ ಬೆಳೆದಂತೆ ಒಂದು ಕಚೇರಿ, ಒಂದು ಪಟ್ಟಿ ಎಂಬ ಏರ್ಪಾಡು ಸಾಲದಾಯಿತು. 1983ರಲ್ಲಿ ಪಾಲ್ ಮೋಕಪೆಟ್ರಿಸ್ ಎಂಬವರು ಹೆಸರುಗಳ ಹೊಣೆಯನ್ನು ಅನೇಕ ಸರ್ವರುಗಳಿಗೆ ಹಂಚುವ ‘ಡೊಮೈನ್ ನೇಮ್ ಸಿಸ್ಟಮ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಇಂದು ಅಂತರಜಾಲವೆಲ್ಲ ನಿಂತಿರುವುದು ಅದರ ಮೇಲೆಯೇ.

ಯಂತ್ರಗಳ ಹೆಸರಿಗೆ ಹೀಗೆ ದಾರಿಯಾಯಿತು. ಮನುಷ್ಯರ ಹೆಸರುಗಳಿಗೆ ಬೇಕಾದ ವಿಸ್ತಾರವಾದ ಪುಸ್ತಕಕ್ಕಾಗಿ 1988ರಲ್ಲಿ ‘ಎಕ್ಸ್-500’ ಎಂಬ ಅಂತಾರಾಷ್ಟ್ರೀಯ ನಿಯಮಾವಳಿ ಹೊರಬಂದಿತು. ಅದು ಶಾಸ್ತ್ರೋಕ್ತವಾಗಿತ್ತು, ಆದರೆ ಸಣ್ಣ ಕಂಪ್ಯೂಟರುಗಳಿಗೆ ಹೊರಲಾರದಷ್ಟು ಭಾರವಾಗಿತ್ತು. ಆಗ ಮಿಚಿಗನ್ ವಿಶ್ವವಿದ್ಯಾನಿಲಯದ ಟಿಮ್ ಹೋವ್ಸ್ ಮತ್ತು ಅವರ ಸಹಕಾರಿಗಳು ಅದರ ಸಾರವನ್ನು ಉಳಿಸಿಕೊಂಡು, ಭಾರವನ್ನಿಳಿಸಿ, 1993ರಲ್ಲಿ ‘ಎಲ್‌ಡ್ಯಾಪ್’ ಎಂಬ ಹಗುರವಾದ ಪದ್ಧತಿಯನ್ನು ಪ್ರಕಟಿಸಿದರು. ಇದರ ಜೊತೆಗೆ, ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಹುಟ್ಟಿದ ‘ಕರ್ಬರಾಸ್’ ಎಂಬ ಗುರುತುಪರೀಕ್ಷೆಯ ಪದ್ಧತಿಯೂ ಬಳಕೆಗೆ ಬಂದಿತು. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲನ್ನು ಕಾಯುವ ಮೂರು ತಲೆಯ ನಾಯಿಯ ಹೆಸರದು. 2000ದ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇವೆಲ್ಲವನ್ನೂ ಒಂದುಗೂಡಿಸಿ ‘ಆಕ್ಟಿವ್ ಡೈರೆಕ್ಟರಿ’ಯನ್ನು ಹೊರತಂದಿತು. ಅದನ್ನು ಹೊತ್ತ ಸರ್ವರಿಗೆ ‘ಡೊಮೈನ್ ಕಂಟ್ರೋಲರ್’ ಎಂದು ಹೆಸರು. ಹಣವಿಲ್ಲದೆ ದೊರೆಯುವ ಸಾಂಬಾ ಎಂಬ ತಂತ್ರಾಂಶವೂ 2012ರ ಡಿಸೆಂಬರಿನಿಂದ ಈ ಕೆಲಸವನ್ನು ಮಾಡಬಲ್ಲುದಾಗಿದೆ.

ಇಂಥ ಪುಸ್ತಕ ಕಳೆದುಹೋದರೆ ಏನಾದೀತು? ಊಹೆಯ ಮಾತು ಬೇಡ. ನಡೆದ ಸಂಗತಿಯನ್ನೇ ಹೇಳುತ್ತೇನೆ. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಮುಖ್ಯ ಕಚೇರಿಯುಳ್ಳ ಮೇರ್ಸ್ಕ್ ಎಂಬುದು ಪ್ರಪಂಚದ ಅತಿ ದೊಡ್ಡ ಹಡಗು ಸಾಗಣೆಯ ಸಂಸ್ಥೆಗಳಲ್ಲಿ ಒಂದು. 2017ನೆಯ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ವಿನಾಶಕಾರಿ ತಂತ್ರಾಂಶವು ಅದರ ಜಾಲವನ್ನು ಹೊಕ್ಕಿತು. ಅದು ಮೊದಲು ಹರಡತೊಡಗಿದ್ದು ಉಕ್ರೇನ್ ದೇಶದಲ್ಲಿ. ಅಲ್ಲಿ ತೆರಿಗೆಯ ಲೆಕ್ಕಕ್ಕಾಗಿ ಬಹುಮಂದಿ ಬಳಸುತ್ತಿದ್ದ ಒಂದು ತಂತ್ರಾಂಶದ ಹೊಸ ಆವೃತ್ತಿಯೊಡನೆ ಬೆರೆತು ಹರಡಿತು. ಒಂದು ಯಂತ್ರವನ್ನು ಹಿಡಿದೊಡನೆ ಅದರ ನೆನಪಿನಲ್ಲಿದ್ದ ಮೇಲ್ವಿಚಾರಕರ ಗುಪ್ತಪದಗಳನ್ನು ಕದ್ದು, ಆ ಕೀಲಿಕೈಯಿಂದಲೇ ಪಕ್ಕದ ಯಂತ್ರದ ಬಾಗಿಲನ್ನು ತೆರೆಯುವುದು ಅದರ ರೀತಿ. ಕೆಲವೇ ತಾಸುಗಳಲ್ಲಿ ಖಂಡಖಂಡಾಂತರಗಳ ಕಚೇರಿಗಳಲ್ಲಿ ಕಂಪ್ಯೂಟರುಗಳ ಪರದೆಗಳು ಕಪ್ಪಾದುವು. ಬಂದರುಗಳ ದ್ವಾರದಲ್ಲಿ ಲಾರಿಗಳು ಸಾಲುಗಟ್ಟಿ ನಿಂತುವು. ನಮ್ಮ ದೇಶದ ಜವಾಹರಲಾಲ್ ನೆಹರು ಬಂದರಿನಲ್ಲಿ ಆ ಸಮೂಹವು ನಡೆಸುತ್ತಿದ್ದ ಘಟ್ಟಕ್ಕೂ ಪೆಟ್ಟು ತಾಗಿತು.

ಮೇರ್ಸ್ಕ್ ಸಂಸ್ಥೆಗೆ ಸುಮಾರು 150 ಡೊಮೈನ್ ಕಂಟ್ರೋಲರುಗಳಿದ್ದುವು. ಒಂದರಲ್ಲಿ ಬರೆದ ಹೆಸರು ಉಳಿದವುಗಳಿಗೆಲ್ಲ ತಾನಾಗಿ ತಲುಪುವಂತೆ ಏರ್ಪಾಡಾಗಿತ್ತು. ಒಂದು ಕೆಟ್ಟರೆ ಮತ್ತೊಂದು, ಅದೂ ಕೆಟ್ಟರೆ ಮೂರನೆಯದು. ಹೀಗಿರಲು ಬೇರೆ ಪ್ರತಿಯೇಕೆ ಎಂಬುದು ಆ ಏರ್ಪಾಡಿನ ಧೈರ್ಯ. ಆದರೆ ಎಲ್ಲವೂ ಒಂದೇ ಹೊತ್ತಿನಲ್ಲಿ ಅಳಿದುಹೋಗುವ ದಿನವೊಂದು ಬಂದೀತೆಂಬುದನ್ನು ಯಾರೂ ಎಣಿಸಿರಲಿಲ್ಲ. ಬೇರೆ ಸರ್ವರುಗಳ ಹಿಂದಿನ ಪ್ರತಿಗಳು ಬಹುಮಟ್ಟಿಗೆ ದೊರೆತುವು. ಈ ಹೆಸರುಪಟ್ಟಿಯ ಪ್ರತಿಯೊಂದೇ ದೊರೆಯಲಿಲ್ಲ. ಅದಿಲ್ಲದೆ ಉಳಿದವುಗಳನ್ನು ಎಬ್ಬಿಸಿಯೂ ಫಲವಿರಲಿಲ್ಲ. ಏತಕ್ಕೆಂದರೆ ಯಾರು ನಮ್ಮವರು, ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂಬುದನ್ನು ಹೇಳುವ ಯಂತ್ರವೇ ಇರಲಿಲ್ಲ.

ಇಂಗ್ಲೆಂಡಿನ ಮೇಡನ್‌ಹೆಡ್ ಎಂಬ ಊರಿನಲ್ಲಿ ಸೇರಿದ್ದ ತಜ್ಞರು ಪ್ರಪಂಚದ ಮೂಲೆಮೂಲೆಗಳಿಗೂ ಫೋನು ಮಾಡಿ ಹುಡುಕಿದರು. ಕೊನೆಗೆ ಆಫ್ರಿಕದ ಘಾನಾ ದೇಶದ ಕಚೇರಿಯಲ್ಲಿ ಒಂದು ಸರ್ವರು ಬದುಕಿ ಉಳಿದಿತ್ತು. ಅದನ್ನು ಉಳಿಸಿದ್ದು ಯಾವ ಪಂಡಿತನ ಜಾಣ್ಮೆಯೂ ಅಲ್ಲ. ಮಾರಿ ಬಂದೆರಗಿದ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಸರ್ವರು ಆರಿದ್ದುದರಿಂದ ಜಾಲದಿಂದ ಬೇರ್ಪಟ್ಟಿತ್ತು, ಬೇರ್ಪಟ್ಟಿದ್ದುದರಿಂದ ಬದುಕಿತು. ಅಲ್ಲಿಂದ ತಂತಿಯ ಮೂಲಕ ತರಿಸಿಕೊಳ್ಳೋಣವೆಂದರೆ ಆ ದಾರಿ ಬಹು ಇಕ್ಕಟ್ಟಾಗಿದ್ದು ದಿನಗಟ್ಟಲೆ ಹಿಡಿಯುವಂತಿತ್ತು. ಘಾನಾದ ಸಿಬ್ಬಂದಿಯಲ್ಲಿ ಯಾರಿಗೂ ಬ್ರಿಟನ್ನಿನ ವೀಸಾ ಇರಲಿಲ್ಲ. ಆದುದರಿಂದ ಒಬ್ಬರು ಆ ಡಿಸ್ಕನ್ನು ಹಿಡಿದು ವಿಮಾನದಲ್ಲಿ ನೈಜೀರಿಯಕ್ಕೆ ಹೋಗಿ, ನಿಲ್ದಾಣದಲ್ಲಿಯೇ ಮತ್ತೊಬ್ಬ ಸಹೋದ್ಯೋಗಿಯ ಕೈಗಿತ್ತರು. ಅವರು ಅದನ್ನು ಲಂಡನ್ನಿಗೆ ಮುಟ್ಟಿಸಿದರು. ಸಂಸ್ಥೆಯ ಅಧ್ಯಕ್ಷರಾಗಿದ್ದ ಜಿಮ್ ಹಾಗೆಮನ್ ಸ್ನಾಬೆಯವರು 2018ರ ಜನವರಿಯಲ್ಲಿ ದಾವೋಸಿನ ಸಭೆಯಲ್ಲಿ ಹೇಳಿದಂತೆ, ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ 2,500 ತಂತ್ರಾಂಶಗಳನ್ನೂ ಹೊಸದಾಗಿ ಸ್ಥಾಪಿಸಬೇಕಾಯಿತು. ನಷ್ಟವನ್ನು ಸಂಸ್ಥೆಯೇ 25ರಿಂದ 30 ಕೋಟಿ ಡಾಲರು ಎಂದು ಅಂದಾಜು ಮಾಡಿತು.

ಮಹನೀಯರೇ, ಈ ಕಥೆಯ ನೀತಿ ಒಂದೇ. ಅನೇಕ ಪ್ರತಿಗಳಿರುವುದು ಬೇರೆ, ಬೇರ್ಪಟ್ಟ ಪ್ರತಿಯೊಂದಿರುವುದು ಬೇರೆ. ಸದಾ ಒಂದರೊಡನೊಂದು ಮಾತನಾಡುತ್ತಿರುವ ಪ್ರತಿಗಳು ಕೆಟ್ಟುಹೋದ ಯಂತ್ರದಿಂದ ನಮ್ಮನ್ನು ಕಾಪಾಡುತ್ತವೆ. ಹರಡುವ ಕೇಡಿನಿಂದ ಕಾಪಾಡಲಾರವು. ಅಂದು ಘಾನಾದಲ್ಲಿ ಅದೃಷ್ಟವು ಮಾಡಿದ ಕೆಲಸವನ್ನು ನಾವು ಬುದ್ಧಿಪೂರ್ವಕವಾಗಿ ಮಾಡುವುದಕ್ಕೇ ಯೋಜನೆಯೆಂದು ಹೆಸರು.

ಇನ್ನು ಆ ಯೋಜನೆಯ ಕ್ರಮವನ್ನು ನೋಡೋಣ. ನಮಗೆ ತಿಳಿದಿರುವ ಊರುಗಳಲ್ಲಿಯೇ ಒಂದು ಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. ತರಕಾರಿಯನ್ನು ಸಂಸ್ಕರಿಸಿ ಮಾರುವ ಸಂಸ್ಥೆ ಅದು. ಮುಖ್ಯ ಕಚೇರಿ ಬೆಂಗಳೂರಿನಲ್ಲಿ, ಅಲ್ಲಿ ಮುನ್ನೂರು ಮಂದಿ. ಕಾರ್ಖಾನೆ ಹೊಸೂರಿನಲ್ಲಿ, ಇಲ್ಲಿ ಐನೂರು ಮಂದಿ. ರೈತರಿಂದ ಮಾಲು ಕೊಳ್ಳುವ ಸಂಗ್ರಹಣ ಕೇಂದ್ರ ತಾಳವಾಡಿಯಲ್ಲಿ, ಅಲ್ಲಿ ಹನ್ನೆರಡು ಮಂದಿ. ಈ ಸಂಸ್ಥೆಗೆ ಡೈರೆಕ್ಟರಿ ಸರ್ವರುಗಳು ಎಷ್ಟು ಬೇಕು?

ಮೊದಲನೆಯ ನಿಯಮ: ಎಷ್ಟೇ ಸಣ್ಣ ಸಂಸ್ಥೆಯಾದರೂ ಒಂದು ಸಾಲದು, ಕಡಮೆಯೆಂದರೆ ಎರಡು ಬೇಕು. ಒಂದೇ ಸರ್ವರನ್ನು ನೆಚ್ಚಿದವರು, ಅದು ಕೆಟ್ಟ ದಿನ ಎಂಟುನೂರು ಮಂದಿಯನ್ನು ಕೈಕಟ್ಟಿ ಕೂರಿಸಬೇಕಾಗುತ್ತದೆ. ಇಂದಿನ ಯಂತ್ರಗಳ ಶಕ್ತಿಯನ್ನು ನೋಡಿದರೆ ಎಂಟುನೂರು ಹೆಸರುಗಳು ಒಂದು ಸರ್ವರಿಗೂ ಭಾರವಲ್ಲ. ಎರಡನೆಯದನ್ನು ಇಡುವುದು ಶಕ್ತಿಗಾಗಿಯಲ್ಲ, ಭದ್ರತೆಗಾಗಿ. ಯಂತ್ರವನ್ನು ಕೊಳ್ಳುವಾಗ ಅದರ ಸ್ಮೃತಿಯಲ್ಲಿ ಇಡೀ ಹೆಸರುಪಟ್ಟಿ ಹಿಡಿಸುವಷ್ಟು ಜಾಗವಿದೆಯೇ ಎಂಬುದನ್ನು ಮುಖ್ಯವಾಗಿ ನೋಡಬೇಕು. ಆಗ ಪ್ರತಿಯೊಂದು ಪ್ರಶ್ನೆಗೂ ಡಿಸ್ಕನ್ನು ತಡಕುವ ಶ್ರಮ ಉಳಿಯುತ್ತದೆ. ಇಲ್ಲೊಂದು ಎಚ್ಚರಿಕೆ ಉಂಟು. ಈಚೆಗೆ ಒಂದೇ ಭೌತಿಕ ಯಂತ್ರದೊಳಗೆ ಹಲವು ಸರ್ವರುಗಳನ್ನು ಕಲ್ಪಿತ ರೂಪದಲ್ಲಿ ನಡೆಸುವುದು ರೂಢಿಯಾಗಿದೆ. ಕಾಗದದ ಮೇಲೆ ಎರಡು ಸರ್ವರು, ಕಬ್ಬಿಣದಲ್ಲಿ ಒಂದೇ ಪೆಟ್ಟಿಗೆ ಎಂದಾದರೆ, ಆ ಪೆಟ್ಟಿಗೆ ಕೆಟ್ಟೊಡನೆ ಎರಡೂ ಒಟ್ಟಿಗೆ ಹೋಗುತ್ತವೆ. ಎರಡು ಬೀಗದ ಕೈಗಳನ್ನು ಒಂದೇ ಬಳೆಗೆ ಪೋಣಿಸಿ ಒಂದೇ ಜೇಬಿನಲ್ಲಿಟ್ಟುಕೊಂಡಂತೆ ಅದು.

ಎರಡನೆಯ ನಿಯಮ ಸ್ಥಳಕ್ಕೆ ಸಂಬಂಧಿಸಿದುದು. ಹೊಸೂರಿನ ಕಾರ್ಖಾನೆಯ ಐನೂರು ಮಂದಿ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಒಟ್ಟಿಗೆ ಒಳಬರುತ್ತಾರೆ. ಅವರ ಪ್ರಶ್ನೆಗಳೆಲ್ಲ ಬೆಂಗಳೂರಿಗೆ ಹೋಗಿ ಬರಬೇಕಾದರೆ, ನಡುವಿನ ತಂತಿ ಕಡಿದ ದಿನ ಕಾರ್ಖಾನೆಯೇ ನಿಲ್ಲುತ್ತದೆ. ರಸ್ತೆ ಅಗೆಯುವವರು ತಂತಿಯನ್ನು ಕಡಿಯುವುದು ನಮ್ಮ ಕಡೆ ಅಪರೂಪದ ಸಂಗತಿಯೇನಲ್ಲ. ಆದುದರಿಂದ ಬೆಂಗಳೂರಿನಲ್ಲಿ ಎರಡು, ಹೊಸೂರಿನಲ್ಲಿ ಎರಡು ಸರ್ವರುಗಳನ್ನಿಡುವುದು ಯುಕ್ತ. ಆದರೆ ಇಟ್ಟರೆ ಮಾತ್ರ ಸಾಲದು. ಯಾವ ಊರಿನ ಯಂತ್ರಗಳಿಗೆ ಯಾವ ವಿಳಾಸಗಳು ಎಂಬುದನ್ನು ಡೈರೆಕ್ಟರಿಯಲ್ಲಿ ‘ಸೈಟ್’ ಎಂಬ ಹೆಸರಿನಲ್ಲಿ ಬರೆಯಬೇಕು. ಬರೆಯದಿದ್ದರೆ ಹೊಸೂರಿನ ಯಂತ್ರವು ಪಕ್ಕದ ಕೋಣೆಯ ಸರ್ವರನ್ನು ಬಿಟ್ಟು ಬೆಂಗಳೂರಿನದನ್ನು ಕೇಳಿಕೊಂಡು ಹೋದೀತು.

ಸರ್ವರುಗಳು ತಮ್ಮತಮ್ಮಲ್ಲಿ ಸುದ್ದಿಯನ್ನು ಹಂಚಿಕೊಳ್ಳುವ ವೇಗವೂ ಸೈಟನ್ನೇ ಅವಲಂಬಿಸಿದೆ. ಆಕ್ಟಿವ್ ಡೈರೆಕ್ಟರಿಯಲ್ಲಿ ಒಂದೇ ಊರಿನ ಸರ್ವರುಗಳು ಬದಲಾವಣೆಯಾದ ಹದಿನೈದು ಸೆಕೆಂಡುಗಳಲ್ಲಿ ನೆರೆಯವರಿಗೆ ತಿಳಿಸುತ್ತವೆ. ಊರಿಂದೂರಿಗೆ ನಾವು ಬೇರೆ ವಿಧಿಸದಿದ್ದರೆ 180 ನಿಮಿಷಗಳಿಗೊಮ್ಮೆ. ಬೇಕಾದರೆ ಅದನ್ನು 15 ನಿಮಿಷಗಳಿಗೆ ಇಳಿಸಬಹುದು. ಇದು ಸಣ್ಣ ಲೆಕ್ಕವೆಂದು ತೋರಬಹುದು. ಆದರೆ ಬೆಂಗಳೂರಿನಲ್ಲಿ ಹೊಸದಾಗಿ ನೇಮಕವಾದ ಹುಡುಗನೊಬ್ಬ ಮೊದಲ ದಿನ ಹೊಸೂರಿಗೆ ಬಂದು ಕುಳಿತಾಗ, ‘ನಿನ್ನ ಹೆಸರು ಇಲ್ಲಿಲ್ಲ’ ಎಂದು ಯಂತ್ರ ಹೇಳಿದರೆ, ಅವನಿಗೆ ಆ ಮೂರು ಗಂಟೆಗಳು ಮೂರು ದಿನಗಳಾಗಿರುತ್ತವೆ.

ಇನ್ನು ತಾಳವಾಡಿ. ಅತ್ತ ದಿಂಬಂ ಘಾಟಿ, ಇತ್ತ ಚಾಮರಾಜನಗರದ ರಸ್ತೆ, ನಡುವೆ ಕಾಡು. ಹನ್ನೆರಡು ಮಂದಿಯ ಕೇಂದ್ರದಲ್ಲಿ ಸರ್ವರಿಗಾಗಿ ಬೀಗ ಹಾಕಿದ ಪ್ರತ್ಯೇಕ ಕೋಣೆ ಎಲ್ಲಿಂದ ಬರಬೇಕು? ಮೂಟೆಗಳ ಪಕ್ಕದಲ್ಲಿಯೇ ಅದೂ ಇರಬೇಕಾಗುತ್ತದೆ. ಅದನ್ನು ಯಾರಾದರೂ ಹೊತ್ತುಕೊಂಡು ಹೋದರೆ ಸಂಸ್ಥೆಯ ಎಲ್ಲರ ಗುಪ್ತಪದಗಳೂ ಅವರ ವಶವಾದಂತೆ. ಇಂಥ ಸ್ಥಳಗಳಿಗಾಗಿಯೇ 2008ರಿಂದ ‘ಓದಲು ಮಾತ್ರ’ ಎಂಬ ಬಗೆಯ ಡೊಮೈನ್ ಕಂಟ್ರೋಲರು ಬಂದಿದೆ. ಅದರಲ್ಲಿ ಹೊಸದಾಗಿ ಏನನ್ನೂ ಬರೆಯಲಾಗದು; ನಾವು ಒಪ್ಪಿಗೆ ಕೊಟ್ಟ ಆ ಕೇಂದ್ರದವರ ಗುಪ್ತಪದಗಳ ಹೊರತು ಬೇರೆಯವರದು ಅದರಲ್ಲಿ ಉಳಿಯುವುದಿಲ್ಲ. ಕಳುವಾದರೂ ಹನ್ನೆರಡು ಮಂದಿಯ ಗುಪ್ತಪದಗಳನ್ನು ಬದಲಿಸಿದರೆ ತೀರಿತು. ತಂತಿ ಕಡಿದ ದಿನವೂ ರೈತನ ಮಾಲಿಗೆ ಚೀಟಿ ಬರೆದುಕೊಡಬಹುದು.

ಮೂರನೆಯ ನಿಯಮ: ಸಮಯ. ಕರ್ಬರಾಸ್ ಪದ್ಧತಿಯಲ್ಲಿ ಎರಡು ಯಂತ್ರಗಳ ಗಡಿಯಾರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ, ಗುಪ್ತಪದ ಸರಿಯಾಗಿದ್ದರೂ ಬಾಗಿಲು ತೆರೆಯುವುದಿಲ್ಲ. ಕದ್ದ ಚೀಟಿಯನ್ನು ತಡವಾಗಿ ತಂದು ಒಳನುಗ್ಗುವವರನ್ನು ತಡೆಯಲು ಮಾಡಿದ ಕಟ್ಟಳೆ ಅದು. ಆದುದರಿಂದ ಇಡೀ ಸಂಸ್ಥೆಗೆ ಕಾಲವನ್ನು ಸಾರುವ ಸರ್ವರು ಯಾವುದು, ಅದು ತನ್ನ ಗಡಿಯಾರವನ್ನು ಯಾವುದರೊಡನೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಮೊದಲೇ ನಿಶ್ಚಯಿಸಬೇಕು. ಡೈರೆಕ್ಟರಿಯಲ್ಲಿ ಒಂದೇ ಸರ್ವರಿಗೆ ವಹಿಸಬೇಕಾದ ಇಂಥ ವಿಶೇಷ ಹೊಣೆಗಳು ಐದು ಉಂಟು. ಯಾವ ಹೊಣೆ ಯಾವ ಸರ್ವರಿನ ಮೇಲಿದೆ, ಅದು ಬಿದ್ದರೆ ಯಾವುದು ವಹಿಸಿಕೊಳ್ಳಬೇಕು ಎಂಬುದನ್ನು ಕಾಗದದ ಮೇಲೆ ಬರೆದಿಡಬೇಕು. ಕಂಪ್ಯೂಟರಿನಲ್ಲಿ ಬರೆದಿಟ್ಟರೆ, ಬೇಕಾದ ದಿನ ಆ ಕಂಪ್ಯೂಟರೇ ತೆರೆಯದು.

ನಾಲ್ಕನೆಯದು ಕೀಲಿಕೈಗಳ ವಿಚಾರ. ನಾಟ್‌ಪೆಟ್ಯಾ ಹರಡಿದ್ದು ಮೇಲ್ವಿಚಾರಕರ ಗುಪ್ತಪದಗಳ ಬಲದಿಂದಲೂ ಎಂಬುದನ್ನು ಮರೆಯಲಾಗದು. ಇಡೀ ಹೆಸರುಪಟ್ಟಿಯನ್ನು ತಿದ್ದಬಲ್ಲ ಅಧಿಕಾರ ಬಹು ಕೆಲವರಿಗೆ ಮಾತ್ರ ಇರತಕ್ಕದ್ದು. ಅವರೂ ದಿನನಿತ್ಯದ ಪತ್ರವ್ಯವಹಾರಕ್ಕೆ ಸಾಮಾನ್ಯ ಹೆಸರನ್ನು ಬಳಸಿ, ಸರ್ವರಿನ ಕೆಲಸಕ್ಕೆ ಮಾತ್ರ ಬೇರೆ ಹೆಸರನ್ನು ಬಳಸಬೇಕು. ದೇವಸ್ಥಾನದ ಗರ್ಭಗುಡಿಯ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಯಾರೂ ಸಂತೆ ಸುತ್ತುವುದಿಲ್ಲ. ಅಂತೆಯೇ ಡೈರೆಕ್ಟರಿ ಸರ್ವರಿನ ಮೇಲೆ ಮುದ್ರಣ, ಲೆಕ್ಕಪತ್ರ ಮೊದಲಾದ ಬೇರೆ ಕೆಲಸಗಳನ್ನು ಹೇರಬಾರದು. ಕೆಲಸ ಬಿಟ್ಟು ಹೋದವರ ಹೆಸರನ್ನು ಅದೇ ದಿನ ನಿಷ್ಕ್ರಿಯಗೊಳಿಸಬೇಕು.

ಐದನೆಯದೇ ಎಲ್ಲಕ್ಕಿಂತ ಮುಖ್ಯವಾದುದು, ಘಾನಾದ ಪಾಠ. ಹೆಸರುಪಟ್ಟಿಯ ಒಂದು ಪ್ರತಿಯನ್ನು ನಿಯತ ದಿನಗಳಲ್ಲಿ ತೆಗೆದು, ಜಾಲದಿಂದ ಸಂಪೂರ್ಣವಾಗಿ ಬೇರ್ಪಡಿಸಿ, ಬೇರೆ ಕಟ್ಟಡದಲ್ಲಿ ಬೀಗ ಹಾಕಿಡಬೇಕು. ಅದು ಬಹಳ ಹಳೆಯದಾಗಲೂ ಬಾರದು. ಆಕ್ಟಿವ್ ಡೈರೆಕ್ಟರಿಯಲ್ಲಿ ಅಳಿಸಿದ ಹೆಸರು ಒಮ್ಮೆಲೇ ಮಾಯವಾಗುವುದಿಲ್ಲ. ಗೋರಿಕಲ್ಲಿನಂತೆ ಒಂದು ಗುರುತು ಉಳಿದಿದ್ದು, ಈಗಿನ ಆವೃತ್ತಿಗಳನ್ನು ಹೊಸದಾಗಿ ಸ್ಥಾಪಿಸಿದಲ್ಲಿ 180 ದಿನಗಳಾದ ಮೇಲೆ ಅಳಿಯುತ್ತದೆ. ಅದಕ್ಕಿಂತ ಹಳೆಯ ಪ್ರತಿಯನ್ನು ಮರಳಿ ತಂದರೆ, ಅಳಿದ ಹೆಸರುಗಳು ಮತ್ತೆ ಎದ್ದುಬಂದು ಗೊಂದಲವೆಬ್ಬಿಸುತ್ತವೆ. ಆದುದರಿಂದ ಅಂಥ ಪ್ರತಿ ಉಪಯೋಗಕ್ಕೆ ಬಾರದು. ಪ್ರತಿ ತೆಗೆದಿಟ್ಟರೂ ಮುಗಿಯಲಿಲ್ಲ. ವರ್ಷಕ್ಕೊಮ್ಮೆಯಾದರೂ ಜಾಲದಿಂದ ದೂರವಾದ ಒಂದು ಯಂತ್ರದಲ್ಲಿ ಅದನ್ನು ಎಬ್ಬಿಸಿ ನೋಡಬೇಕು. ಬಾವಿಗೆ ಹಗ್ಗ ಸಾಲುತ್ತದೆಯೇ ಎಂಬುದನ್ನು ಬೆಂಕಿ ಬಿದ್ದ ಮೇಲೆ ಅಳೆಯುವುದು ವಿವೇಕವಲ್ಲ.

ಈಚೆಗೆ ಅನೇಕ ಸಂಸ್ಥೆಗಳು ಸ್ವಂತ ಸರ್ವರುಗಳನ್ನು ಬಿಟ್ಟು, ದೂರದ ಕಂಪನಿಗಳು ಅಂತರಜಾಲದ ಮೂಲಕ ಒದಗಿಸುವ ಡೈರೆಕ್ಟರಿಗಳನ್ನು ಬಾಡಿಗೆಗೆ ಪಡೆಯುತ್ತಿವೆ. ಮೈಕ್ರೋಸಾಫ್ಟಿನವರದಕ್ಕೆ 2023ರಿಂದ ‘ಎಂಟ್ರಾ ಐಡಿ’ ಎಂಬ ಹೆಸರು. ಯಂತ್ರವನ್ನು ಕಾಯುವ ಶ್ರಮ ಇದರಿಂದ ಉಳಿಯುವುದು ದಿಟ. ಆದರೆ ಹಣ ಕೊಟ್ಟೊಡನೆ ವಿಚಾರ ಮಾಡುವ ಹೊಣೆ ತಪ್ಪುವುದಿಲ್ಲ. ಯಾರಿಗೆ ಅಧಿಕಾರ, ತಂತಿ ಕಡಿದರೆ ಗತಿಯೇನು, ತಪ್ಪಾಗಿ ಅಳಿಸಿದ್ದನ್ನು ಮರಳಿ ಪಡೆಯುವುದೆಂತು ಎಂಬ ಪ್ರಶ್ನೆಗಳು ಅಲ್ಲಿಯೂ ಹಾಗೆಯೇ ನಿಂತಿರುತ್ತವೆ.

ಕೊನೆಯದಾಗಿ, ಗಡಿನಾಡಿನವರಾದ ನಮಗೆ ಹತ್ತಿರವಾದ ಒಂದು ಮಾತು. ಪಟ್ಟಿಯ ಕಾವಲಿನಷ್ಟೇ ಮುಖ್ಯವಾದುದು ಅದರಲ್ಲಿ ಹೆಸರು ಸರಿಯಾಗಿ ಬರೆದಿರುವುದು. ತಮಿಳು ಲಿಪಿಯಲ್ಲಿ ಕ, ಖ, ಗ, ಘ ಎಂಬ ನಾಲ್ಕಕ್ಕೂ ಒಂದೇ ಅಕ್ಷರ. ಗಂಗಪ್ಪನೆಂಬ ನಮ್ಮ ಹೆಸರು ಒಂದು ದಾಖಲೆಯಲ್ಲಿ ‘ಕಂಗಪ್ಪ’ನಾಗುವುದು, ಶಿವಣ್ಣನು ‘ಸಿವಣ್ಣ’ನಾಗುವುದು, ತಂದೆಯ ಹೆಸರಿನ ಮೊದಲಕ್ಷರ ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ ಬರುವುದು ನಾವು ಬಲ್ಲ ಸಂಗತಿ. ಸಂಬಳದ ಪುಸ್ತಕದಲ್ಲಿ ಒಂದು ರೂಪ, ಡೈರೆಕ್ಟರಿಯಲ್ಲಿ ಇನ್ನೊಂದು ರೂಪವಾದರೆ ಯಂತ್ರದ ಕಣ್ಣಿಗೆ ಅವರು ಇಬ್ಬರು ಮನುಷ್ಯರು. ಆದುದರಿಂದ ಯೋಜನೆ ಮಾಡುವವರು ಹೆಸರನ್ನೇ ಗುರುತಿನ ಆಧಾರವಾಗಿಟ್ಟುಕೊಳ್ಳದೆ, ಬದಲಾಗದ ನೌಕರಸಂಖ್ಯೆಯನ್ನು ಆಧಾರವಾಗಿಟ್ಟುಕೊಳ್ಳಬೇಕು. ಆಕ್ಟಿವ್ ಡೈರೆಕ್ಟರಿಯು ಒಳಗೊಳಗೆ ಮಾಡುವುದೂ ಇದನ್ನೇ: ಪ್ರತಿಯೊಬ್ಬರಿಗೂ ಎಂದೂ ಬದಲಾಗದ ಒಂದು ಸಂಖ್ಯೆಯನ್ನು ಕೊಟ್ಟಿರುತ್ತದೆ, ಮದುವೆಯಾಗಿ ಹೆಸರು ಬದಲಾದರೂ ಮನುಷ್ಯರು ಬದಲಾಗುವುದಿಲ್ಲ.

ಹಾಗೆಂದು ಹೆಸರಿಗೆ ಬೆಲೆಯಿಲ್ಲವೆಂದಲ್ಲ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿದೆ. 1997ರ ಎಲ್‌ಡ್ಯಾಪ್ ಮೂರನೆಯ ಆವೃತ್ತಿಯಿಂದ ಡೈರೆಕ್ಟರಿಯೊಳಗೆ ಪ್ರಪಂಚದ ಯಾವ ಲಿಪಿಯ ಹೆಸರನ್ನಾದರೂ ಬರೆಯಬಹುದಾಗಿದೆ. ಒಳಪ್ರವೇಶದ ಹೆಸರನ್ನು ಸಂಖ್ಯೆಯಲ್ಲಿಯೋ ಇಂಗ್ಲಿಷ್ ಅಕ್ಷರಗಳಲ್ಲಿಯೋ ಇಟ್ಟು, ಪರದೆಯ ಮೇಲೆ ತೋರುವ ಹೆಸರನ್ನು ಗಂಗಪ್ಪನೆಂದು ಕನ್ನಡದಲ್ಲಿಯೇ ಬರೆಯಲು ತಂತ್ರದ ಅಡ್ಡಿ ಏನೂ ಇಲ್ಲ. ಅಡ್ಡಿಯಿರುವುದು ಕೇಳುವವರಿಲ್ಲದಿರುವುದರಲ್ಲಿ. ಸರ್ವರುಗಳ ಮುಂದೆ ಕುಳಿತಿರುವ ನಮ್ಮ ತರುಣ ತರುಣಿಯರು ಕಚೇರಿಯ ಹಿರಿಯರನ್ನು ವಿನಯದಿಂದ ಕೇಳಬಹುದು. ಕೇಳಬೇಕೆಂದು ನನ್ನ ಪ್ರಾರ್ಥನೆ.

ಹಿರಿಯರೇ, ಈ ಕೆಲಸ ಮಾಡುವವರು ಸರಿಯಾಗಿ ಮಾಡಿದ ದಿನ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಗಿಲು ಎಂದಿನಂತೆ ತೆರೆಯುತ್ತದೆ, ಸಂಬಳ ಎಂದಿನಂತೆ ಬಟವಾಡೆಯಾಗುತ್ತದೆ, ರೈತನ ಕೈಗೆ ಚೀಟಿ ಸಿಕ್ಕುತ್ತದೆ. ತಪ್ಪಿದ ದಿನ ಮಾತ್ರ ಎಲ್ಲರಿಗೂ ಅವರ ನೆನಪಾಗುತ್ತದೆ. ಎರಡನೆಯ ಸರ್ವರಿಗೆ ಹಣ ಕೇಳಿದಾಗ, ಮೊದಲನೆಯದು ನಡೆಯುತ್ತಿದೆಯಲ್ಲ ಎಂದು ಹೇಳುವ ಯಜಮಾನರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅಂಥವರಿಗೆ ಘಾನಾದಲ್ಲಿ ಕರೆಂಟು ಹೋದ ಕಥೆಯನ್ನು ಹೇಳಿರಿ. ಪ್ರತಿಯೊಂದು ಸಂಸ್ಥೆಗೂ ಸಮಯಕ್ಕೆ ಸರಿಯಾಗಿ ಕರೆಂಟು ಹೋಗುವ ಭಾಗ್ಯವಿರುವುದಿಲ್ಲ.